ಬೆರಳಿನ ಹಿಂದೆ ಬಂದ ದನಿ

ನನ್ನ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಮೂವತ್ತರ ಸುಮಾರಿಗೆ ಸಂಜೆಯ ಬೆಳಕಿನಲ್ಲಿ ಮೆಟ್ಟಿಲು ಕಾಣದಾಯಿತು. ಆಮೇಲೆ ಮಗ್ಗುಲಿನಿಂದ ಬರುವ ಸೈಕಲ್ಲು ಕಾಣದಾಯಿತು. ನೋಟ ಎರಡೂ ಬದಿಯಿಂದ ಮುಚ್ಚಿಕೊಳ್ಳುತ್ತ ಬಂತು. ಕೊನೆಕೊನೆಗೆ ಕೊಳವೆಯೊಳಗಿಂದ ನೋಡಿದಂತಾಗಿ, ನಲವತ್ತೊಂದನೆಯ ವಯಸ್ಸಿಗೆ ಕರಿಹಲಗೆಯ ಮೇಲೆ ನಾನೇ ಬರೆದದ್ದು ನನಗೇ ಕಾಣದಾಯಿತು. ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷವಾಗಿತ್ತು. ಹೊಸ ಜಿಲ್ಲೆಯಿಂದ ನನಗಾದ ಮೊದಲ ಉಪಕಾರವೆಂದರೆ ಅಂಗವಿಕಲರ ಪ್ರಮಾಣಪತ್ರಕ್ಕೆ ಧಾರವಾಡದ ತನಕ ಅಲೆಯಬೇಕಾಗಲಿಲ್ಲ. ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ಮನೆಗೆ ಬಂದೆವು.

ನೌಕರಿ ಉಳಿಯಿತು. ನಾನು ಲಕ್ಷ್ಮೇಶ್ವರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಪಾಠ ಹೇಳಲಿಕ್ಕೆ ಕಣ್ಣಿನ ಅಗತ್ಯ ನಾನು ಅಂದುಕೊಂಡಷ್ಟು ಇರಲಿಲ್ಲ. ಪುಸ್ತಕ ಬಾಯಿಪಾಠವಾಗಿತ್ತು. ನಕಾಶೆಯ ಮುಂದೆ ಮಕ್ಕಳಲ್ಲಿ ಒಬ್ಬರು ನಿಂತು ನಾನು ಹೇಳಿದ ಊರಿನ ಮೇಲೆ ಬೆರಳಿಡುತ್ತಿದ್ದರು, ತಪ್ಪಿದರೆ ಉಳಿದವರು ಕೂಗಿ ತಿದ್ದುತ್ತಿದ್ದರು. ನನಗೆ ತೊಡಕಾಗಿದ್ದು ಕಾಗದಗಳದು. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ಮೊದಲೆರಡು ವರ್ಷ ನನ್ನ ಹೆಂಡತಿ ಬರೆದುಕೊಟ್ಟಳು. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ನಾನು ಕರೆದಾಗಲೆಲ್ಲ ಮಷೀನಿನ ಸದ್ದು ನಿಲ್ಲುತ್ತಿತ್ತು. ಆ ಸದ್ದು ನಿಂತಾಗಲೆಲ್ಲ ನನ್ನ ಮನಸ್ಸಿಗೆ ಒಂದು ಥರ ಆಗುತ್ತಿತ್ತು.

ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇದೆಯೆಂದು ನನಗೆ ತಿಳಿಸಿದವರು ಮುಂಡರಗಿಯಲ್ಲಿ ಟೆಲಿಫೋನ್ ಬೂತ್ ನಡೆಸುತ್ತಿದ್ದ ಒಬ್ಬ ಹಿರಿಯರು. ಅವರು ಹುಟ್ಟಿನಿಂದಲೇ ಅಂಧರು. ಅವರ ಪಕ್ಕದಲ್ಲಿ ಕುಳಿತು ಆರು ಭಾನುವಾರ ಕಲಿತೆ. ಕೀಲಿಮಣೆಯ ಕೀಲಿ ಒತ್ತಿದರೆ ಯಂತ್ರ ಅಕ್ಷರದ ಹೆಸರು ಹೇಳುತ್ತದೆ. ಬಾಣದ ಕೀಲಿ ಒತ್ತಿದರೆ ಸಾಲು ಓದುತ್ತದೆ. ದನಿ ಮೂಗಿನಿಂದ ಮಾತಾಡಿದ ಹಾಗೆ, ಕನ್ನಡವೂ ಪರದೇಶಿಯದು. ಆದರೂ ನಾಲ್ಕನೆಯ ಭಾನುವಾರ ನಾನು ಟೈಪು ಮಾಡಿದ ಒಂದು ವಾಕ್ಯವನ್ನು ಅದು ನನಗೆ ಓದಿ ಹೇಳಿದಾಗ, ಎರಡು ವರ್ಷದ ಮೇಲೆ ನನ್ನ ಬರಹವನ್ನು ನಾನೇ ಓದಿದಂತಾಯಿತು.

ಗದಗಿನಲ್ಲಿ ಒಂದು ಪುಟ್ಟ ಲ್ಯಾಪ್‌ಟಾಪ್ ತಗೊಂಡೆವು. ಆಗಷ್ಟೇ ಅಂಥವು ಬರತೊಡಗಿದ್ದವು, ಪಠ್ಯಪುಸ್ತಕಕ್ಕಿಂತ ಸ್ವಲ್ಪ ದೊಡ್ಡವು. ಅಂಗಡಿಯವರು, "ಇದರಾಗಿನ ಪ್ರೊಸೆಸರ್ ಭಾಳ ಕಡಿಮಿ ಕರೆಂಟ್ ತಿಂತೈತ್ರಿ. ವೇಗ ಸ್ವಲ್ಪ ಕಡಿಮಿ, ಆದ್ರ ಬ್ಯಾಟರಿ ಮ್ಯಾಲ ಅರ್ಧ ದಿನ ನಡೀತೈತಿ," ಅಂದರು. ಪ್ರೊಸೆಸರ್ ಅಂದರೆ ಯಂತ್ರದೊಳಗೆ ಎಲ್ಲ ಲೆಕ್ಕ ಮಾಡುವ ಮುಖ್ಯ ಚಿಪ್ ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. ನನಗೆ ಬ್ಯಾಟರಿಯ ಮಾತೇ ಸಾಕಿತ್ತು. ನಮ್ಮ ಕಡೆ ಮಧ್ಯಾಹ್ನ ಹೋದ ಕರೆಂಟು ಯಾವಾಗ ಬರುವುದೋ ಯಾರೂ ಹೇಳುವಂತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಶಾಲೆಯ ದೊಡ್ಡ ಕಂಪ್ಯೂಟರಿನ ಮುಂದೆ ಒಮ್ಮೆ ಕುಳಿತು ನೋಡಿದ್ದೆ. ಅದರೊಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿತ್ತು, ಓದುವ ದನಿ ಕಿವಿಗೆ ಬೀಳುತ್ತಿರಲಿಲ್ಲ. ಈ ಪುಟ್ಟದರ ಸದ್ದು ಕಿವಿಯನ್ನು ಅದಕ್ಕೆ ಹಚ್ಚಿದರಷ್ಟೇ ಕೇಳುತ್ತಿತ್ತು.

ಅದರಲ್ಲಿ ನಾನು ಹತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದೆ. ಬ್ಯಾಟರಿ ಎರಡು ಸಲ ಬದಲಾಯಿತು. ಪ್ರಶ್ನೆಪತ್ರಿಕೆ ತೆಗೆದೆ. ಲಕ್ಕುಂಡಿಯ ಬಾವಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ನಾಲ್ಕು ಪುಟದ ಟಿಪ್ಪಣಿ ಮಾಡಿ ಅವರಿಗೆ ಹಂಚಿದೆ. ಅಂಕಪಟ್ಟಿಯನ್ನು ನಾನೇ ತುಂಬತೊಡಗಿದೆ. ಉತ್ತರಪತ್ರಿಕೆಯನ್ನು ಸಹೋದ್ಯೋಗಿಯೊಬ್ಬರು ಓದುವರು, ನಾನು ಅಂಕ ನಿರ್ಧರಿಸಿ ಪುಟ್ಟ ರೆಕಾರ್ಡರಿನಲ್ಲಿ ಹೇಳಿಟ್ಟುಕೊಳ್ಳುವೆ, ಮನೆಗೆ ಬಂದು ಹೆಸರಿನ ಮುಂದೆ ಅಂಕ ಹಾಕುವೆ. ಬಾಗಿಲಾಚೆ ಹೊಲಿಗೆ ಮಷೀನು ನಿಲ್ಲದೆ ಓಡುತ್ತಿರುತ್ತಿತ್ತು. ಅದು ನನ್ನ ಬಾಳಿನ ಸಮಾಧಾನದ ಕಾಲ.

ಆಮೇಲೆ ನಾನು ನಿಧಾನವಾಗತೊಡಗಿದೆ. ಹಾಗೆಂದು ನಾನು ತಿಳಿದೆ.

ಮೊದಮೊದಲು ಆಗೊಮ್ಮೆ ಈಗೊಮ್ಮೆ. ಕೀಲಿ ಒತ್ತಿದರೆ ದನಿ ಬರುತ್ತಿರಲಿಲ್ಲ. ಒತ್ತಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿದರೆ ಅಕ್ಷರ ಎರಡು ಬೀಳುತ್ತಿತ್ತು. ಒಂದನ್ನು ಅಳಿಸಲು ಹೋದರೆ ಎರಡೂ ಅಳಿಯುತ್ತಿದ್ದವು. ನಾನು ಐದನೆಯ ಸಾಲಿನಲ್ಲಿದ್ದೇನೆ ಅಂದುಕೊಂಡಾಗ ದನಿ ಇನ್ನೂ ಮೂರನೆಯ ಸಾಲನ್ನು ಓದುತ್ತಿರುತ್ತಿತ್ತು. ಕಣ್ಣಿದ್ದವರಿಗೆ ಈ ತಡ ಅಷ್ಟಾಗಿ ಬಾಧಿಸಲಿಕ್ಕಿಲ್ಲ, ಪರದೆಯ ಮೇಲೆ ಉಳಿದೆಲ್ಲ ಸಾಲು ಅವರ ಮುಂದೆ ಇದ್ದೇ ಇರುತ್ತವೆ. ನನಗೆ ಆ ದನಿಯೇ ಪರದೆ. ಅದು ಬಾರದ ಆ ಗಳಿಗೆಯಲ್ಲಿ ನಾನು ಎಲ್ಲಿಯೂ ಇರುತ್ತಿರಲಿಲ್ಲ.

ಯಂತ್ರದ ಮೇಲೆ ಅನುಮಾನ ಯಾಕೆ ಬರಲಿಲ್ಲವೆಂದರೆ, ಅದು ಒಂದೇ ದಿನ ಕೆಟ್ಟಿರಲಿಲ್ಲ. ನನ್ನ ಕಣ್ಣಿನ ಹಾಗೆ ತಿಂಗಳಿಗಿಷ್ಟು, ವರ್ಷಕ್ಕಿಷ್ಟು. ಹಾಗೆ ಸ್ವಲ್ಪ ಸ್ವಲ್ಪವೇ ಕಳಕೊಳ್ಳುವುದು ನನಗೆ ರೂಢಿಯಾಗಿತ್ತು. ಜೊತೆಗೆ ನಮ್ಮ ಅಪ್ಪನಿಗೆ ಐವತ್ತೈದರ ನಂತರ ಮರೆವು ಹತ್ತಿತ್ತು. ಕೊನೆಗೆ ಅವರು ನನ್ನನ್ನು ಪೋಸ್ಟಮನ್ ಎಂದು ತಿಳಿದು ಕಾಗದ ಕೇಳುತ್ತಿದ್ದರು. ನನಗೆ ಆಗ ಐವತ್ನಾಲ್ಕು. ಶಾಲೆಗೆ ನಡೆಯುತ್ತ ಮನಸ್ಸಿನಲ್ಲೇ ಹಾಜರಿಪಟ್ಟಿ ಒಪ್ಪಿಸಿ ನೋಡುತ್ತಿದ್ದೆ. ಐವತ್ತೆರಡು ಹೆಸರೂ ಸರಿಯಾಗಿ ಬರುತ್ತಿದ್ದವು. ಆದರೂ ನಂಬಿಕೆ ಬರುತ್ತಿರಲಿಲ್ಲ. ಹತ್ತನೆಯ ತರಗತಿಯನ್ನು ನಾನಾಗಿಯೇ ಬೇರೆಯವರಿಗೆ ಬಿಟ್ಟುಕೊಟ್ಟೆ. ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದೆ. ಹೆಂಡತಿ ಕೇಳಿದರೆ, "ಬ್ಯಾಸರಾತು," ಅಂದೆ.

ಹೀಗೇ ಮೂರು ವರ್ಷ ಕಳೆದ ಮೇಲೆ, ಅರ್ಧವಾರ್ಷಿಕ ಪರೀಕ್ಷೆ ಮುಗಿದು ಒಂಬತ್ತನೆಯ ತರಗತಿಯ ಅಂಕಪಟ್ಟಿ ಕೊಟ್ಟೆ. ಎರಡು ದಿನಕ್ಕೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕೋಣೆಗೆ ಕರೆಸಿದರು. ನನಗಿಂತ ಚಿಕ್ಕವರು, ಮಾತು ಮೆದು. ಬಾಗಿಲು ಮುಂದೆ ಮಾಡಿ ಕುಳಿತರು.

"ಸರ, ಈ ಪಟ್ಟಿಯೊಳಗ ಒಂದು ಹುಡುಗಿಗೆ ಅರವತ್ತೆಂಟು ಹಾಕೀರಿ. ಆಕಿ ಪರೀಕ್ಷಾಕ್ಕ ಬಂದಿಲ್ರಿ. ಆಸ್ಪತ್ರಿಯೊಳಗ ಇದ್ಲು."

ಪಟ್ಟಿಯ ಹಾಳೆ ತಿರುವಿದ ಸದ್ದು ಕೇಳಿತು.

"ಆಕಿ ಕೆಳಗಿನೋರದೂ ಎಲ್ಲಾ ಒಂದೊಂದು ಸಾಲು ಸರದೈತಿ. ಇಪ್ಪತ್ತೊಂಬತ್ತು ಮಂದೀದು," ಅಂದರು. ಆಮೇಲೆ, "ಇನ್ನೂ ಹೊರಗ ಹೋಗಿಲ್ರಿ, ತಿದ್ದೂಣು. ನೀವು ದಣದೀರಿ ಅನಸ್ತೈತಿ. ಒಂದೀಟು ದಿನ ಬ್ಯಾರೆಯವರ ಕಡೆ ಮಾಡಿಸೂಣೇನ್ರಿ?" ಅಂದರು.

ಅವರು ಬೈದಿದ್ದರೆ ಎದ್ದು ಬರುತ್ತಿದ್ದೆ. ಆ ಕರುಣೆ ತಾಳಲಾಗಲಿಲ್ಲ. ಇಪ್ಪತ್ತೊಂಬತ್ತು ಮಕ್ಕಳ ಅಂಕ ಬೇರೆಯವರ ಹೆಸರಿನ ಮುಂದೆ ಹಾಕಿದ್ದೆ. ಆ ಹುಡುಗಿ ಪರೀಕ್ಷೆಗೆ ಬಂದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಪಾಸಾದವರು ನಪಾಸಾಗಿ ಕೂತಿರುತ್ತಿದ್ದರು.

ಆ ವಾರವೇ ಸ್ವಯಂ ನಿವೃತ್ತಿ ಕೋರಿ ಅರ್ಜಿ ಬರೆದೆ. ಅದೇ ಯಂತ್ರದಲ್ಲಿ, ಎರಡು ಸಂಜೆ ಹಿಡಿಯಿತು. ಹೆಂಡತಿಗೆ ಹೇಳಿದೆ, "ಸೋಮವಾರ ಶಿರಹಟ್ಟಿಗೆ ಹೋಗೂಣು. ಶಿಕ್ಷಣ ಕಚೇರಿಯೊಳಗ ಕೊಡೂದೈತಿ."

ಅವಳು ಹೊಲಿಗೆ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ್ದು ಕೇಳಿತು.

"ಏನ್ ಕೊಡೂದು?"

ಹೇಳಿದೆ. ಅಂಕಪಟ್ಟಿಯ ಸಂಗತಿಯನ್ನೂ ಆಗಲೇ ಹೇಳಿದ್ದು. ಕೀಲಿ ಒತ್ತಿದರೆ ಕೇಳದಿರುವುದು, ಎರಡೆರಡು ಅಕ್ಷರ, ಅಪ್ಪನ ಹಾಗೆ ಆಗುತ್ತಿದೆ ಎಂಬ ಭಯ, ಎಲ್ಲ.

"ನೀವು ನಿನ್ನಿ ಹಾಲಿನಾಕಿ ಕೂಡ ಮಾತಾಡಿದ್ದು ಒಂದೂ ಮರ್ತಿಲ್ಲ," ಅಂದಳು. "ನನ್ನ ಹೊಲಿಗಿ ತಪ್ಪಿ ತಪ್ಪಿ ಬೀಳಾಕತ್ತಿದ್ರ ನಾ ಮೊದಲ ಸೂಜಿ ನೋಡ್ತೀನಿ. ಕೈ ಹೋತು ಅಂತ ಅಳೂದಿಲ್ಲ. ಇದನ್ನ ಯಾರಿಗರ ತೋರಿಸೀರೇನು?"

"ಇದಕ್ಕೇನಾಗೈತಿ? ನಡದೈತಲ್ಲ."

"ಶಿರಹಟ್ಟಿಗೆ ಆಮ್ಯಾಲ ಹೋಗೂಣು. ಮೊದಲ ಗದಗಿಗೆ ನಡೀರಿ."

ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ಮಗ್ಗದ ಓಣಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ನಮ್ಮ ಶಾಲೆಯ ಯಂತ್ರಗಳೂ ಅಲ್ಲಿಗೇ ಹೋಗುತ್ತಿದ್ದವು. ಶನಿವಾರ ಮಧ್ಯಾಹ್ನ ಹೋದೆವು. ನೇಕಾರರ ಮನೆ, ಮುಂದಿನ ಕೋಣೆಯೇ ಅಂಗಡಿ. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು, ಕಾಸಿದ ಸೀಸದ ವಾಸನೆ ಇತ್ತು. ಹೆಂಡತಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಆ ಅಕ್ಕನಿಗೆ ನಲವತ್ತೈದರ ಆಸುಪಾಸು ಇರಬಹುದು, ದನಿಯಿಂದ ಅಂದಾಜು.

"ಏನ್ ತ್ರಾಸೈತ್ರಿ ಸರ?"

"ತ್ರಾಸ ನನಗ ಐತ್ರಿ ಅಕ್ಕಾರ, ಯಂತ್ರಕ್ಕಲ್ಲ," ಅಂದೆ. ಹೆಂಡತಿ ನನ್ನ ಮೊಣಕೈ ತಿವಿದಳು.

ಅಕ್ಕ ನಗಲಿಲ್ಲ. ನಾನು ಕೆಲಸ ಮಾಡುವುದನ್ನು ನೋಡಬೇಕೆಂದಳು. ಹತ್ತು ಹೆಸರಿನ ಪಟ್ಟಿ ತೆರೆದು ಅಂಕ ತುಂಬಿ ತೋರಿಸಿದೆ. ಮತ್ತೆ ಅದೇ ಕಥೆ, ಎರಡು ಕಡೆ ತಪ್ಪಿತು. ಅವಳು ಮೊದಲು ತಿರುಗುವ ಡಿಸ್ಕ್ ತೆಗೆದು ತಿರುಗದ ಹೊಸ ಬಗೆಯದನ್ನು ಹಾಕಿ, ಎಲ್ಲವನ್ನೂ ಅದಕ್ಕೆ ನಕಲು ಮಾಡಿದಳು. ಅದಕ್ಕೇ ಗಂಟೆಯ ಮೇಲಾಯಿತು, ಒಳಗಿನಿಂದ ಚಹಾ ಬಂತು. ಯಂತ್ರ ಬೇಗ ಎದ್ದಿತು. ಆದರೆ ಪಟ್ಟಿ ತೆರೆದ ಕೂಡಲೇ ದನಿ ಮತ್ತೆ ಹಿಂದೆ ಬಿತ್ತು.

"ಡಿಸ್ಕ್ ಅಲ್ಲ," ಅಂದಳು. ಆಮೇಲೆ ಕಪಾಟಿನಿಂದ ಇನ್ನೊಂದು ಲ್ಯಾಪ್‌ಟಾಪ್ ತಂದು ಪಕ್ಕಕ್ಕಿಟ್ಟಳು. "ಇದೂ ಕಡಿಮಿ ಕರೆಂಟ್ ತಿನ್ನೂ ಪ್ರೊಸೆಸರ‍್ನ. ಹೋದ ತಿಂಗಳ ಬಂದೈತಿ. ಎರಡಕ್ಕೂ ಒಂದ ಕೆಲಸ ಕೊಟ್ಟು ನೋಡೂಣು."

ಹಳೆಯದರ ಪ್ಲಗ್ಗಿಗೆ ಒಂದು ಸಣ್ಣ ಮೀಟರು ಹಾಕಿ ನೋಡಿದಳು, ಆಮೇಲೆ ಹೊಸದಕ್ಕೆ. ಎರಡೂ ಹೆಚ್ಚುಕಡಿಮೆ ಅಷ್ಟೇ ಕರೆಂಟು ಎಳೆಯುತ್ತಿದ್ದವು. ವೇಗದ ಅಂಕಿ ಏನೆಂದು ಕೇಳಿದೆ. ಓದಿ ಹೇಳಿದಳು. ಹಳೆಯದರ ಅಂಕಿಯೇ ದೊಡ್ಡದಿತ್ತು.

"ಹಂಗಂದ್ರ ಹಳೇದ ಜೋರ ಇರಬೇಕಲ್ರಿ?"

"ಆ ಅಂಕಿ ನೋಡಿ ಭಾಳ ಮಂದಿ ಮೋಸ ಹೋಗ್ತಾರ. ರೇಷನ್ ಅಂಗಡಿ ಪಾಳಿ ನೆನಸ್ರಿ. ಹಳೇದು ಒಬ್ಬರಾದ ಮ್ಯಾಲೆ ಒಬ್ಬರು. ಮುಂದಿನಾಕಿ ಚೀಲದಾಗ ಕಾರ್ಡ್ ಹುಡುಕಾಕತ್ತಿದ್ರ ಹಿಂದಿನೋರೆಲ್ಲಾ ನಿಂದ್ರಬೇಕು. ಹೊಸಾದು ಹಂಗಲ್ಲ, ಆಕಿ ಹುಡುಕೂತನಕ ಹಿಂದಿನಾಕಿಗೆ ಅಕ್ಕಿ ಅಳದು ಕಳಸಿಬಿಡ್ತೈತಿ. ಮ್ಯಾಲ ಕೌಂಟರ್ ನಾಕ ಅದಾವು. ಕೈ ಸಾವಕಾಶ ಆಡಿದ್ರೂ ಪಾಳಿ ಜಲ್ದಿ ಸರೀತೈತಿ."

"ನಂದು ಮುಪ್ಪಾತೇನ್ರಿ ಹಂಗಾರ?"

"ಇಲ್ರಿ. ಪ್ರೊಸೆಸರ್‌ಗೆ ಮುಪ್ಪಿಲ್ಲ. ಕೊಂಡ ದಿನ ಎಷ್ಟು ಮಾಡ್ತಿತ್ತೋ ಇವತ್ತೂ ಅಷ್ಟ ಮಾಡ್ತೈತಿ. ವರ್ಷಾ ಹೊಸ ತಂತ್ರಾಂಶ ಹಾಕ್ಕೋತ ಬಂದ್ರಿ, ಹೇರೂ ಭಾರ ಹೆಚ್ಚಾತು. ಅದು ಪಾಪ ಹೊತಗೊಂಡು ನಡದೈತಿ."

ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ಸಾಯುವತನಕ ಮರೆಯುವುದಿಲ್ಲ. "ನಾನೂ ಒಮ್ಮೆ ನೋಡ್ತೀನಿ," ಎಂದು ಹಳೆಯ ಯಂತ್ರದ ಪರದೆಯ ಬೆಳಕು ಪೂರ್ತಿ ಆರಿಸಿದಳಂತೆ, ತನ್ನ ಕಣ್ಣಿಗೆ ಸೆರಗು ಕಟ್ಟಿಕೊಂಡಳಂತೆ. ಹೆಂಡತಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಯಾವ ಕೀಲಿ ಒತ್ತಬೇಕೆಂದು ನಾನು ಅಕ್ಕನಿಗೆ ಹೇಳಿದೆ, ದನಿಯನ್ನು ಅವಳಿಗೆ ತಿಳಿಯುವಷ್ಟು ನಿಧಾನ ಮಾಡಿಕೊಟ್ಟೆ. ಹೆಂಡತಿ ಅಂಕ ಓದಿದಳು, ಅಕ್ಕ ತುಂಬಿದಳು. ದಿನವಿಡೀ ಕೀಲಿಮಣೆಯ ಮೇಲೆ ಕೈಯಾಡಿಸುವವಳು, ಬೆರಳು ಚುರುಕು. ಹತ್ತು ಹೆಸರಾದ ಮೇಲೆ ಸೆರಗು ಬಿಚ್ಚಿ ಪರದೆ ಬೆಳಗಿಸಿದಳು.

ಒಂದೊಂದೇ ಹೆಸರು, ಅಂಕ ತನ್ನಷ್ಟಕ್ಕೇ ಓದುತ್ತ ತಾಳೆ ನೋಡಿದಳು.

"ನಾಕನೇದರಿಂದ ನಂದೂ ಸಾಲು ತಪ್ಪೈತ್ರಿ ಸರ," ಅಂದಳು. "ಇದರಾಗ ನೀವು ಇಷ್ಟು ದಿನಾ ಹೆಂಗ ಮಾಡಿದ್ರಿ?"

ನೀರು ಕೇಳಿದೆ. ಲೋಟದ ನೀರೆಲ್ಲ ಒಮ್ಮೆಗೇ ಕುಡಿದೆ. ಮೂರು-ನಾಲ್ಕು ವರ್ಷದಿಂದ ಎದೆಯೊಳಗೆ ಒಂದು ಕಲ್ಲು ಹೊತ್ತುಕೊಂಡು ತಿರುಗಿದ್ದೆ, ಅದು ಕಲ್ಲೆಂದೂ ಮರೆತುಹೋಗಿತ್ತು. ಅದು ಸರಿದ ಮೇಲೆ ಉಸಿರಾಡಲು ಎದೆಯಲ್ಲಿ ಅಷ್ಟೊಂದು ಜಾಗವಿತ್ತೇ ಅನಿಸಿತು.

ಹೊಸದರಲ್ಲಿ ಓದುವ ತಂತ್ರಾಂಶವನ್ನು ನನ್ನ ಪೆನ್‌ಡ್ರೈವಿನಿಂದ ನಾನೇ ಹಾಕಿದೆ. ಕೀಲಿಯ ಮೇಲೆ ಬೆರಳಿಟ್ಟರೆ ದನಿ ಬೆರಳಿನ ಕೆಳಗೇ ಇತ್ತು. ಒತ್ತಿದೆ, ಹೇಳಿತು. ಒತ್ತಿದೆ, ಹೇಳಿತು. ದನಿಯ ವೇಗವನ್ನು ಏರಿಸಿದೆ, ಇನ್ನೂ ಏರಿಸಿದೆ. ಮೊದಲ ವರ್ಷಗಳಲ್ಲಿ ನಾನು ಕೇಳುತ್ತಿದ್ದ ವೇಗಕ್ಕೆ ಬಂದು, ಅದನ್ನೂ ದಾಟಿದೆ. ಹೆಂಡತಿಗೆ ಅದು ಬರೀ ಗುಂಯ್‌ಗುಡುವ ಸದ್ದಾಗಿ ಕೇಳುತ್ತಿತ್ತಂತೆ. ನನಗೆ ಅಕ್ಷರ ಅಕ್ಷರ ತಿಳಿಯುತ್ತಿತ್ತು. ಹತ್ತು ಹೆಸರು ತುಂಬಿದೆ. ಒಂದೂ ತಪ್ಪಿರಲಿಲ್ಲ. ಐವತ್ತೆರಡೂ ತುಂಬುತ್ತೇನೆಂದು ಕುಳಿತೆ. ಹಾಜರಿಪಟ್ಟಿ ಬಾಯಲ್ಲೇ ಇತ್ತಲ್ಲ.

"ಸಾಕ್ರಿ, ಅಕ್ಕಾರಿಗೂ ಬ್ಯಾರೆ ಕೆಲಸ ಐತಿ," ಅಂದಳು ಹೆಂಡತಿ.

"ಕುಂದರ್ಲಿ ಬಿಡ್ರಿ," ಅಂದಳು ಅಕ್ಕ.

ಹೊಸದನ್ನು ತಗೊಂಡು ಬಂದೆವು. ಅದರಲ್ಲಿ ಫ್ಯಾನೇ ಇಲ್ಲ. ಮೊದಲ ದಿನ ಚಾಲೂ ಇದೆಯೋ ಇಲ್ಲವೋ ಎಂದು ಮೇಲೆ ಕೈಯಿಟ್ಟು ಬಿಸಿ ನೋಡಿದೆ. ಹಳೆಯದರ ಕಡತಗಳನ್ನು ಅದಕ್ಕೆ ಹಾಕಿಕೊಂಡಾಗ ನನ್ನ ಅರ್ಜಿ ಸಿಕ್ಕಿತು. ಕೇಳಿ ನೋಡಿದೆ. "ಸ್ವಯಂ ಸ್ವಯಂ ನಿವೃತ್ತಿಯನ್ನು ಕೋರಿ ಕೋರಿ" ಎಂದು ಸುರುವಾಗಿ, ನನ್ನ ಹುದ್ದೆಯ ಹೆಸರು ಅರ್ಧಕ್ಕೇ ನಿಂತಿತ್ತು. ಹೆಂಡತಿ ಹೊರಗಿನಿಂದ ಕೇಳಿಸಿಕೊಂಡು ನಕ್ಕಳು. ನಾನೂ ನಕ್ಕೆ. ಅಳಿಸಿದೆ, ಅಳಿಯಿತೆಂದು ಅದು ಆ ಗಳಿಗೆಯಲ್ಲೇ ಹೇಳಿತು.

ಎಲ್ಲವೂ ಸಮಾಧಾನವೇ ಆಗಿತ್ತೆಂದರೆ ಸುಳ್ಳಾದೀತು. ಆ ರಾತ್ರಿ ಊಟಕ್ಕೆ ಕುಳಿತಾಗ ಬಿಟ್ಟುಕೊಟ್ಟ ಹತ್ತನೆಯ ತರಗತಿ ನೆನಪಾಯಿತು. ಮೂರು ವರ್ಷ ಹತ್ತನೆಯ ಮಕ್ಕಳು ನನ್ನ ಕೈಯಿಂದ ಹಾಗೆಯೇ ದಾಟಿ ಹೋಗಿದ್ದರು. ಯಾರನ್ನಾದರೂ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕಣ್ಣು ಹೋದವನು ತನ್ನಲ್ಲಿ ಇನ್ನೂ ಏನೇನು ಹೋಗುತ್ತಿದೆ ಎಂದು ಎಣಿಸುತ್ತಲೇ ಇರುತ್ತಾನೆ. ಉಳಿದದ್ದನ್ನು ಎಣಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಸೋಮವಾರ ಶಿರಹಟ್ಟಿಯ ಬಸ್ಸು ಹತ್ತದೆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಗೆ ಬೆಟಗೇರಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಅಂಕಪಟ್ಟಿಯನ್ನು ಇನ್ನೊಮ್ಮೆ ನಾನೇ ತುಂಬಿಕೊಡುತ್ತೇನೆ, ನೀವು ಒಂದೊಂದು ಸಾಲೂ ತಾಳೆ ನೋಡಬೇಕು ಅಂದೆ. ಅವರು ನಿಜವಾಗಿಯೂ ನೋಡಿದರು, ನನ್ನ ಎದುರಿಗೇ, ಗಟ್ಟಿಯಾಗಿ ಓದುತ್ತ. ಆಸ್ಪತ್ರೆಯಲ್ಲಿದ್ದ ಹುಡುಗಿಯ ಹೆಸರು ಬಂದಾಗ, "ಗೈರ," ಎಂದು ಓದಿ ಮುಂದೆ ಹೋದರು. ಕೊನೆಯ ಹೆಸರಾದ ಮೇಲೆ ಪಟ್ಟಿ ಮಡಿಸಿಟ್ಟ ಸದ್ದು ಕೇಳಿತು.

"ಸರ, ನಾನೂ ಅವತ್ತು ಯಂತ್ರದ ಬಗ್ಗೆ ವಿಚಾರ ಮಾಡಬೇಕಿತ್ತು. ನಿಮಗ ವಯಸ್ಸಾತು ಅಂದ್ಕೊಂಡೆ," ಅಂದರು.

"ನಾನೂ ಹಂಗ ಅಂದ್ಕೊಂಡಿದ್ನಲ್ರಿ ಮೇಡಂ. ನಿಮ್ಮದೇನ ತಪ್ಪು?"

"ಬರೂ ವರ್ಷ ಹತ್ತನೇ ಇಯತ್ತಾ ತಗೋತೀರಿ?"

ಒಂದು ದಿನದ ವೇಳೆ ಕೇಳಿದೆ, ಸುಮ್ಮನೆ ಮರ್ಯಾದೆಗೆ. ಉತ್ತರ ಅವರಿಗೂ ಗೊತ್ತಿತ್ತು.

ಆ ಬೇಸಿಗೆಯ ರಜೆಯಲ್ಲಿ ಕೊರ್ಲಹಳ್ಳಿಗೆ ಹೋದೆವು. ಅದು ನನ್ನ ಹೆಂಡತಿಯ ತವರು, ಮುಂಡರಗಿ ದಾಟಿ ಹೊಳೆಯ ದಂಡೆಯ ಮೇಲೆ. ಗಾಳಿಗೆ ಎಲ್ಲೋ ತಂತಿ ಹರಿದು ಎರಡು ದಿನ ಕರೆಂಟಿರಲಿಲ್ಲ. ನಾನು ಕಟ್ಟೆಯ ಮೇಲೆ ಕುಳಿತು ಹತ್ತನೆಯ ತರಗತಿಯ ಟಿಪ್ಪಣಿ ಸುರುಮಾಡಿದ್ದೆ. ಹೆಂಡತಿಯ ತಮ್ಮ ಬಂದು ಪಕ್ಕಕ್ಕೆ ಕುಳಿತ. ಬೆಳಗಿನಿಂದ ನೋಡುತ್ತಿದ್ದನಂತೆ.

"ಮಾವ, ಊರಾಗ ಎಲ್ಲಾರ ಫೋನೂ ಸತ್ತಾವು. ಇದಿನ್ನೂ ವಟಗುಡಾಕತ್ತೈತಲ್ಲ?"

"ತಿನ್ನೂದು ಕಡಿಮಿ," ಅಂದೆ.

"ಏನ್ ಹೇಳಾಕತ್ತೈತಿ ಅದು? ನನಗ ಒಂದಕ್ಷರ ತಿಳಿವಲ್ದು."

ಅವನಿಗಾಗಿ ದನಿಯ ವೇಗ ಇಳಿಸಿದೆ. ತುಂಗಭದ್ರೆಯ ಕಣಿವೆಯ ಮಣ್ಣಿನ ಕುರಿತು ನಾನು ಬರೆದದ್ದನ್ನು ಅದು ಮೂಗಿನಿಂದ ಓದತೊಡಗಿತು. ಅವನು ಹೂಂ ಹೂಂ ಅನ್ನುತ್ತ ಒಂದು ಪುಟ ಪೂರ್ತಿ ಕೇಳಿ, ಎರಡನೆಯದರಲ್ಲಿ ಒಂದು ಕಡೆ ತಡೆದ.

"ಅದು ತಪ್ಪೈತಿ ಮಾವ. ಹೊಳಿ ದಂಡೀ ಮ್ಯಾಲಿಂದೆಲ್ಲಾ ಕರೀ ಮಣ್ಣಲ್ಲ. ನಮ್ಮ ಕಡೀ ಹೊಲ ಅರ್ಧ ಮಸಬು ಐತಿ, ಕೆಂಪ ಸಡಲ ಮಣ್ಣು."

"ಖರೇನ?"

"ನಡೀರಿ, ತೋರಸ್ತೀನಿ."

ಯಂತ್ರವನ್ನು ಮುಚ್ಚಿ ಹೆಂಡತಿಯ ಕೈಗೆ ಕೊಟ್ಟೆ. ಅವನ ಭುಜದ ಮೇಲೆ ಕೈಯಿಟ್ಟು ಹೊಲಕ್ಕೆ ಹೋದೆ. ಅವನು ಎರಡು ಕಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು ನನ್ನ ಎರಡೂ ಅಂಗೈಯಲ್ಲಿ ಇಟ್ಟ. ಒಂದು ಅಂಟುತ್ತಿತ್ತು, ಇನ್ನೊಂದು ಬೆರಳ ಸಂದಿಯಿಂದ ಉದುರುತ್ತಿತ್ತು. ಅವನ ಮಾತು ಸರಿಯಿತ್ತು. ಮನೆಗೆ ಬಂದು ಕೈ ತೊಳೆದು, ಆ ಸಾಲನ್ನು ಹುಡುಕಿ ತಿದ್ದಿದೆ.